ಥಾಯ್ಲೆಂಡಿಗೆ ಹೋದ ವಾಲಗ

ಮದುವೆ ಮನೆಯಲ್ಲಿ ವಾಲಗ ಎಲ್ಲರ ಕಿವಿಗೂ ಬೀಳುತ್ತದೆ, ವಾಲಗದವರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಂಟಪದ ಬದಿಗೆ ಚಾಪೆ ಹಾಕಿ ಕೂತ ನಮಗೆ ಎಲ್ಲವೂ ಕಾಣುತ್ತದೆ. ಯಾವ ಮಾವ ಯಾವ ಭಾವನ ಹತ್ತಿರ ಮಾತು ಬಿಟ್ಟಿದ್ದಾರೆ, ಎರಡನೇ ಪಂಕ್ತಿಯಲ್ಲಿ ಹೋಳಿಗೆ ಹಾಕಿಸಿಕೊಳ್ಳುತ್ತಿರುವವರು ಮೊದಲನೇ ಪಂಕ್ತಿಯಲ್ಲೂ ಇದ್ದರೋ ಇಲ್ಲವೋ, ಎಲ್ಲ. ಬ್ರಹ್ಮಾವರದ ಸುತ್ತಮುತ್ತ ಸ್ಯಾಕ್ಸೊಫೋನ್ ಊದಿಕೊಂಡೇ ಬದುಕು ಕಳೆದ ನನಗೆ ಹಾಗಾಗಿ ನಗುವ ಸಂಗತಿಗಳಿಗೆ ಯಾವತ್ತೂ ಕೊರತೆಯಾದದ್ದಿಲ್ಲ. ಕಷ್ಟ ಒಂದೇ. ಬಾಯಲ್ಲಿ ಸ್ಯಾಕ್ಸೊಫೋನ್ ಇರುವಾಗ ನಗುವ ಹಾಗಿಲ್ಲ. ನಕ್ಕರೆ ಮೋಹನ ರಾಗದ ನಡುವೆ ಕೋಣ ಕೂಗಿದ ಹಾಗಾಗುತ್ತದೆ.

ಆದರೆ ಒಮ್ಮೆ ಒಂದು ಮದುವೆಗೆ ವಾಲಗ ಊದಲೆಂದು ಥಾಯ್ಲೆಂಡಿಗೆ ಹೋಗಿದ್ದೆವು. ಮದುವೆಗೆ ಮುಂಚಿನ ಕೆಲವು ದಿನ ಊರು ತಿರುಗಿಸಿ ತೋರಿಸಿದರು. ಅಷ್ಟು ದಿನ ಬಾಯಿ ಖಾಲಿ ಇತ್ತಲ್ಲ, ಬೇಕಾದಷ್ಟು ನಕ್ಕೆ. ಊರವರು ನಮ್ಮನ್ನು ನೋಡಿ ನಕ್ಕದ್ದೂ ಅಷ್ಟೇ ಇರಬೇಕು.

ಫೋಟೊ ಇತ್ತ್

ಫೋನ್ ಮಾಡಿದವರು ಮುಂಬಯಿಯ ಹೋಟೆಲ್ ಧಣಿ. ಮೂಲ ನಮ್ಮ ಅಮಾಸೆಬೈಲು ಕಡೆಯವರು. ಅವರ ಮನೆಯ ಗೃಹಪ್ರವೇಶ, ಉಪನಯನ, ಸೀಮಂತ ಯಾವುದಕ್ಕೂ ನಮ್ಮದೇ ವಾಲಗ.

"ಸೇರಿಗಾರ್ರೆ, ನಿಮ್ಗೆ ಪಾಸ್‌ಪೋರ್ಟ್ ಇತ್ತಾ?" ಎಂದರು.

"ಇತ್ತ್ ಧಣಿ, ಮೂರ್ ಪ್ರತಿ ಇತ್ತ್. ಮೊನ್ನೆ ರೇಶನ್ ಕಾರ್ಡಿಗೆ ತೆಗ್ಸಿದ್" ಎಂದೆ.

ಅದು ಫೋಟೊ ಅಲ್ಲ, ಪರದೇಶಕ್ಕೆ ಹೋಗಲಿಕ್ಕೆ ಬೇಕಾದ ಪುಸ್ತಕ ಎಂದು ಧಣಿ ಮೊದಲು ತಿಳಿಸಿಕೊಟ್ಟರು. ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಮಗಳ ಮದುವೆ. ಹುಡುಗ ಮುಂಬಯಿಯಲ್ಲೇ ಇರುವ ಪಂಜಾಬಿ ಮನೆಯವನು. ಅವನ ಕಡೆಯವರಿಗೆ ಮದುವೆ ಥಾಯ್ಲೆಂಡಿನ ಸಮುದ್ರದ ಬದಿಯಲ್ಲೇ ಆಗಬೇಕಂತೆ. ಧಣಿ ಒಪ್ಪಿದರು. ಒಪ್ಪದವರು ಒಬ್ಬರೇ, ಅವರ ತಾಯಿ.

"ಸಮುದ್ರ ಬೇಕಾರೆ ಮರವಂತಿಗೆ ಹ್ವಾಪ, ಅಲ್ಲ್ ಎಂತ ನೀರ್ ಕಮ್ಮಿ ಇತ್ತಾ?" ಎಂದರಂತೆ ಅಜ್ಜಿ. ಆಮೇಲೆ ಮೊಮ್ಮಗಳು ಕುತ್ತಿಗೆಗೆ ಬಿದ್ದು ಬೇಡಿಕೊಂಡಾಗ ಒಂದು ಕರಾರು ಹಾಕಿದರು. ಮದುವೆ ಎಲ್ಲಿ ಬೇಕಾದರೂ ಆಗಲಿ, ತಮ್ಮ ಮದುವೆಗೆ, ಮಗನ ಮದುವೆಗೆ ಊದಿದ ಮನೆಯ ವಾಲಗವೇ ಆಗಬೇಕು. ಅಜ್ಜಿಯ ಮದುವೆಗೆ ನನ್ನ ಅಜ್ಜ ನಾಗಸ್ವರ ಊದಿದ್ದು, ಧಣಿಯ ಮದುವೆಗೆ ನನ್ನ ಅಪ್ಪಯ್ಯ. "ವಾಲಗ ಇಲ್ದಿರೆ ನಾನೂ ಇಲ್ಲೆ" ಎಂದು ಹೇಳಿ ಎಲೆಯಡಿಕೆಯ ಕವಳದ ತಟ್ಟೆ ಹತ್ತಿರ ಎಳೆದುಕೊಂಡರಂತೆ. ಆ ಮನೆಯಲ್ಲಿ ಅಜ್ಜಿ ಕವಳದ ತಟ್ಟೆ ಎಳೆದುಕೊಂಡರೆ ಮಾತು ಮುಗಿಯಿತು ಎಂದೇ ಅರ್ಥ.

ಇಡೀ ಮೇಳವನ್ನು ಕರೆದುಕೊಂಡು ಹೋಗುವುದು ಸಾಧ್ಯವಿರಲಿಲ್ಲ. ಸ್ಯಾಕ್ಸೊಫೋನಿಗೆ ನಾನು, ಡೋಲಿಗೆ ನನ್ನ ಹೆಂಡತಿಯ ಅಣ್ಣ, ಬೈಂದೂರಿನ ನನ್ನ ಭಾವ. ಅಷ್ಟೇ. ನನ್ನ ಹೆಂಡತಿ, ಬರುವಾಗ ಒಂದು ಒಳ್ಳೆಯ ಕೊಡೆ ತನ್ನಿ ಎಂದಳು ಅಷ್ಟೇ. ಭಾವನ ಮನೆಯಲ್ಲಿ ಹಾಗಾಗಲಿಲ್ಲ. ಅತ್ತಿಗೆಗೆ ಯಾರೋ ಥಾಯ್ಲೆಂಡಿನ ಬಗ್ಗೆ ಏನೇನೋ ಕಿವಿಗೆ ಹಾಕಿದ್ದರು. ಎರಡು ದಿನ ಮುಖ ಊದಿಸಿಕೊಂಡಿದ್ದು, ಕಡೆಗೆ ಅಮಾಸೆಬೈಲಿನ ಅಜ್ಜಿಗೇ ಫೋನ್ ಮಾಡಿದಳು.

"ಅಜ್ಜಿ, ನಮ್ಮನಿಯವ್ರ್ ಹೋಪುದ್ ನಿಮ್ ಒಟ್ಟಿಗೆ ಅಲ್ದಾ? ಅವ್ರನ್ನ ಚೂರ್ ಕಣ್ಣಲ್ಲಿ ಇಟ್ಕಣಿ."

"ನೀ ಹೆದ್ರ್‌ಬೇಡ ಮಗಾ" ಎಂದರು ಅಜ್ಜಿ, "ನಂಗ್ ಮೊನ್ನೆಯಷ್ಟೇ ಕಣ್ಣಿನ್ ಆಪ್ರೇಶನ್ ಆಯ್ತ್. ಈಗ ಸಮಾ ಕಾಂತ್."

ಡೋಲಿನ ವಾಸನೆ

ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ನನಗಿದ್ದ ಹೆದರಿಕೆ ಸ್ಯಾಕ್ಸೊಫೋನಿನದ್ದು. ತಪಾಸಣೆಯ ಅಧಿಕಾರಿ ಪೆಟ್ಟಿಗೆ ತೆಗೆಸಿದ. ನೋಡಿದವನೇ ಮುಖ ಅರಳಿಸಿ ತನ್ನ ಜೊತೆಯವನನ್ನು ಕರೆದು ತೋರಿಸಿದ. ಅವರ ಹಿಂದಿನ ರಾಜರೂ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಇಬ್ಬರೂ ನನಗೆ ಕೈ ಮುಗಿದರು. ಊರಿನಲ್ಲಿ ವಾಲಗದವನಿಗೆ ಯಾರು ಕೈ ಮುಗಿಯುತ್ತಾರೆ? ನಾನು ಸೊಂಟ ನೆಟ್ಟಗೆ ಮಾಡಿಕೊಂಡು ಆಚೆ ದಾಟಿದೆ.

ಹಿಂದೆ ತಿರುಗಿ ನೋಡಿದರೆ ಭಾವ ಬಂದಿಲ್ಲ. ಬಟ್ಟೆಯ ಚೀಲದಲ್ಲಿದ್ದ ಅವನ ಡೋಲಿನ ಎದುರು ಒಂದು ನಾಯಿ ಕೂತಿದೆ. ಪೊಲೀಸರ ನಾಯಿ. ಅದು ಕೂತರೆ ಏನೋ ಸಿಕ್ಕಿದೆ ಎಂದು ಲೆಕ್ಕವಂತೆ. ನಾಲ್ಕು ಜನ ಬಂದರು. ಡೋಲಿನ ಎರಡೂ ಕಡೆ ಬಡಿದು ನೋಡಿದರು. ಭಾವನ ಮುಖ ಬಿಳಿಚಿಕೊಂಡಿತ್ತು.

"ಒಳ್ಗೆ ಎಂತದೂ ಇಲ್ಲೆ, ಬರೀ ಗಾಳಿ!" ಎಂದು ಅವನು ಕನ್ನಡದಲ್ಲೇ ಕೂಗುತ್ತಿದ್ದ.

ಕಡೆಗೆ ಚೀಲ ಕೊಡವಿದರು. ತಳದಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಕಟ್ಟು ಬಿತ್ತು. ಒಣ ಸಿಗಡಿ! ಗಂಡನಿಗೆ ಪರದೇಶದಲ್ಲಿ ಊಟ ಸೇರದಿದ್ದರೆ ಎಂದು ಅತ್ತಿಗೆ ಯಾರಿಗೂ ಹೇಳದೆ ಇಟ್ಟದ್ದು. ಅಧಿಕಾರಿ ಕಟ್ಟು ಬಿಚ್ಚಿದ. ಮೂಗಿನ ಹತ್ತಿರ ಹಿಡಿದ. ಇನ್ನೇನು ನಮ್ಮನ್ನು ವಾಪಸ್ ಕಳಿಸುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಅವನು ಕಣ್ಣು ಮುಚ್ಚಿ, ಎದೆ ತುಂಬ ಇನ್ನೊಮ್ಮೆ ವಾಸನೆ ಎಳೆದುಕೊಂಡು, ಅವರ ಭಾಷೆಯಲ್ಲಿ ಏನೋ ಹೇಳಿ ನಕ್ಕ. ಉಳಿದವರೂ ಬಗ್ಗಿ ಮೂಸಿ ನಕ್ಕರು. ಒಳಗೆ ಬಿಡುವ ಹಾಗಿಲ್ಲ ಎಂದು ಕಟ್ಟನ್ನು ಇಟ್ಟುಕೊಂಡು ಡೋಲನ್ನು ಬಿಟ್ಟರು.

ಗಾಲಿಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ ಅಜ್ಜಿ ಆ ಅಧಿಕಾರಿಯನ್ನೇ ದಿಟ್ಟಿಸಿ, ನಮ್ಮ ಕಡೆಯ ಮೀನಿನ ಬಂದರು ಗಂಗೊಳ್ಳಿಯನ್ನು ನೆನೆದು ನನಗೆ ಹೇಳಿದರು, "ಅವ ಗಂಗೊಳ್ಳಿ ಬದಿಯವ್ನೇ ಸೈ. ಇಲ್ಲ್ ಬಂದ್ ಕನ್ನಡ ಮರ್ತಿದ."

ಎರಡು ಬಟ್ಟಲು

ಮದುವೆಗೆ ಬಂದ ಹರೆಯದವರೆಲ್ಲ ದೊಡ್ಡ ಬಸ್ಸಿನಲ್ಲಿ. ಮೊಣಗಂಟು ನೋವಿನ ಅಜ್ಜಿ, ನಾನು, ಭಾವ ಇಷ್ಟು ಜನಕ್ಕೆ ಒಂದು ಸಣ್ಣ ವ್ಯಾನು. ತೋರಿಸಲಿಕ್ಕೆ ಒಬ್ಬಳು ಗೈಡ್ ಹುಡುಗಿ, ನಗುಮುಖದವಳು. ಅವಳ ಇಂಗ್ಲಿಷೂ ನನ್ನ ಹೈಸ್ಕೂಲ್ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ನಮಗಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೊದಲ ದಿನ ಬೆಳಿಗ್ಗೆ ಹೋಟೆಲಿನ ತಿಂಡಿಯ ಮೇಜು ನೋಡಿದರೆ ಅದರ ಕೊನೆ ಕಾಣುವುದಿಲ್ಲ. ಬ್ರೆಡ್ಡುಗಳು, ಹಣ್ಣುಗಳು, ಹೆಸರು ಗೊತ್ತಿಲ್ಲದ ಹಸಿರು ಎಲೆಗಳು. ಭಾವ ತಟ್ಟೆ ಹಿಡಿದುಕೊಂಡು ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದ. ಬೆಳಿಗ್ಗೆ ಗಂಜಿ ಉಣ್ಣದಿದ್ದರೆ ಅವನ ಕೈ ಡೋಲಿನ ಮೇಲೆ ಏಳುವುದಿಲ್ಲ. ಮೂರನೇ ಸಲ ಒಂದು ಮೂಲೆಯಲ್ಲಿ ಮುಚ್ಚಳ ಎತ್ತಿ ನೋಡಿದವನು ನಿಂತೇ ಬಿಟ್ಟ. ಬಿಸಿ ಹಬೆ, ಬೆಂದು ಕರಗಿದ ಅಕ್ಕಿ. ಗಂಜಿ!

ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. ಅಲ್ಲಿ ನಿಂತಿದ್ದ ಬಿಳಿ ಟೊಪ್ಪಿಯ ಅಡುಗೆಯವನಿಗೆ ಬೆರಳು ತೋರಿಸಿ ಕೇಳಿದ, "ಗಂಜಿಯಾ?"

ಅವನು ಬಗ್ಗಿ ವಿನಯದಿಂದ ಹೇಳಿದ, "ಜೋಕ್, ಸರ್."

ಭಾವನ ಮುಖ ಕೆಂಪಾಯಿತು. "ಎಂತ ಜೋಕ್? ಗಂಜಿ ಕೇಂಡ್ರೆ ನಿಂಗೆ ಜೋಕಾ?"

"ಜೋಕ್, ಸರ್. ಜೋಕ್" ಎಂದು ಅವನು ಇನ್ನೂ ಬಗ್ಗಿದ.

ನಾನು ಓಡಿ ಹೋಗಿ ಗೈಡ್ ಹುಡುಗಿಯನ್ನು ಕರೆತಂದೆ. ಅವರ ಭಾಷೆಯಲ್ಲಿ ಗಂಜಿಯ ಹೆಸರೇ ಜೋಕ್. ಭಾವ ನಾಚಿಕೊಂಡು ಅಡುಗೆಯವನಿಗೆ ಕೈ ಮುಗಿದ. ಅವನೂ ಮುಗಿದ. ಅವರಲ್ಲಿ ಮುಗಿದ ಕೈಗೆ ತಿರುಗಿ ಮುಗಿಯದೆ ಇರುವುದಿಲ್ಲ, ಭಾವನೂ ಹಾಗೆಯೇ. ಇಬ್ಬರನ್ನೂ ಬಿಡಿಸಿ ತಂದು ಕೂರಿಸುವಷ್ಟರಲ್ಲಿ ನನ್ನ ಚಾ ಆರಿತ್ತು.

ಸಮಾಧಾನದಿಂದ ಉಂಡ ಭಾವ ಖುಷಿಯಲ್ಲಿ ಊರಿಗೆ ಫೋನ್ ಮಾಡಿದ. "ಇಲ್ಲ್ ಎಂತ ತೊಂದ್ರೆ ಇಲ್ಲೆ ಮಾರಾಯ್ತಿ. ಬೆಳಿಗ್ಗೆ ಎದ್ದದ್ದೇ ಎರಡ್ ಬಟ್ಲ್ ಜೋಕ್ ಹೊಡ್ದೆ."

ಆ ಕಡೆಯಿಂದ ಅತ್ತಿಗೆಯ ದನಿ ನನಗೂ ಕೇಳಿಸಿತು. "ಬೆಳಿಗ್ಗೆಯೇ ಶುರು ಮಾಡಿರ್ಯಾ? ಫೋನ್ ಅಜ್ಜಿಗೆ ಕೊಡಿ!"

ದೋಣಿಯ ಸಂತೆ

ಅಲ್ಲಿ ನೀರಿನ ಮೇಲೆ ಸಂತೆ. ಕಾಲುವೆಯಲ್ಲಿ ದೋಣಿಗಳು, ದೋಣಿಯಲ್ಲೇ ಅಂಗಡಿ. ಹೆಂಗಸರು ಈಚಲ ಟೊಪ್ಪಿ ಹಾಕಿಕೊಂಡು ಹುಟ್ಟು ಹಾಕುತ್ತಾ ಬಂದು ಮಾವಿನಹಣ್ಣು, ಸೀಯಾಳ, ಹುರಿದ ಬಾಳೆಹಣ್ಣು ಮಾರುತ್ತಾರೆ. ಅಜ್ಜಿಗೆ ಇಳಿಯಲಿಕ್ಕೆ ಆಗುವುದಿಲ್ಲ ಎಂದು ದಡದ ಮೆಟ್ಟಿಲಿನ ಮೇಲೆ ಒಂದು ಕುರ್ಚಿ ಹಾಕಿ ಕೂರಿಸಿ, ಅರ್ಧ ಗಂಟೆಯಲ್ಲಿ ಬರುತ್ತೇವೆಂದು ಹೇಳಿ ನಾವು ದೋಣಿ ಹತ್ತಿದೆವು.

ತಿರುಗಿ ಬಂದಾಗ ಅಜ್ಜಿಯ ಎದುರು ಒಂದು ದೋಣಿ ಕಟ್ಟಿ ನಿಂತಿತ್ತು. ಅದರಲ್ಲಿ ಅಜ್ಜಿಯಷ್ಟೇ ವಯಸ್ಸಿನ ಇನ್ನೊಬ್ಬಳು ಮುದುಕಿ. ಇಬ್ಬರೂ ಮಾತಿನಲ್ಲಿ ಮುಳುಗಿದ್ದರು. ಅಜ್ಜಿ ಕುಂದಾಪ್ರ ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ. ಒಬ್ಬರು ತಲೆ ಚಚ್ಚಿಕೊಂಡರೆ ಇನ್ನೊಬ್ಬರು "ಛೆ ಛೆ" ಎನ್ನುವುದು. ಅಜ್ಜಿಯ ಕೈಯಲ್ಲಿ ಅವಳು ಕೊಟ್ಟ ಸೀಯಾಳ, ಅವಳ ಬಾಯಲ್ಲಿ ಅಜ್ಜಿ ಕೊಟ್ಟ ಕವಳ. ಹೊರಡುವಾಗ ಇಬ್ಬರೂ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡರು.

ವ್ಯಾನಿನಲ್ಲಿ ನಾನು ತಮಾಷೆಗೆ ಕೇಳಿದೆ, "ಎಂತ ಹೇಳ್ರ್ ಅಜ್ಜಿ ಅವ್ರ್?"

"ಪಾಪ, ಅವ್ಳ ಸೊಸಿ ಸಮ ಇಲ್ಲ್ಯಂಬ್ರ್. ಮಗ ಬಾಯೇ ಬಿಡುದಿಲ್ಲ್ಯಂಬ್ರ್. ಈ ಪ್ರಾಯದಗೂ ಇವ್ಳೇ ದೋಣಿ ಹಾಕ್ಕ್."

ನಾನೂ ಭಾವನೂ ಮುಖ ಮುಖ ನೋಡಿಕೊಂಡು ನಗು ತಡೆದುಕೊಂಡೆವು. ಮುಂದಿನ ಸೀಟಿನಲ್ಲಿದ್ದ ಗೈಡ್ ಹುಡುಗಿ, ಏನು ನಗು ಎಂದು ಕೇಳಿದಳು. ಅಜ್ಜಿ ಹೇಳಿದ್ದನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗಲಿಲ್ಲ. ಬೆರಗಿನಿಂದ ಹಿಂದೆ ತಿರುಗಿದಳು. ದೋಣಿಯ ಹಗ್ಗ ಬಿಚ್ಚುವಾಗ ಆ ಮುದುಕಿ ಅವಳ ಹತ್ತಿರ ಅದೇ ಮಾತನ್ನು ಹೇಳಿದ್ದಳಂತೆ. ಜೊತೆಗೆ ಇನ್ನೊಂದು ಮಾತೂ ಹೇಳಿದ್ದಳಂತೆ: "ಪಾಪ, ಆ ಇಂಡಿಯಾದ ಅಮ್ಮನಿಗೆ ಮೊಣಕಾಲು ನೋವು, ಮೊಮ್ಮಗಳು ಸಮುದ್ರದ ಹುಚ್ಚು ಹಿಡಿಸಿಕೊಂಡು ಇಷ್ಟು ದೂರ ಎಳೆದು ತಂದಿದ್ದಾಳೆ."

ಹೈಸ್ಕೂಲ್ ಇಂಗ್ಲಿಷ್ ಕಲಿತ ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕಾಲು ಒತ್ತುವವರು

ಬ್ಯಾಂಕಾಕಿನ ಕೊನೆಯ ದಿನ ಧಣಿ ಎಲ್ಲರಿಗೂ ಮಸಾಜಿನ ಚೀಟಿ ಹಂಚಿದರು. ಭಾವ ಚೀಟಿಯನ್ನು ಚೇಳು ಹಿಡಿದವನ ಹಾಗೆ ಹಿಡಿದುಕೊಂಡ.

"ನಂಗ್ ಬ್ಯಾಡ ಧಣಿ. ಮನೆಯಲ್ಲ್ ಗೊತ್ತಾರೆ ಬೈಂದೂರಿಗೆ ಕಾಲಿಡುಕ್ ಬಿಡುದಿಲ್ಲ."

ಧಣಿ ನಕ್ಕು, ಇದು ಮರ್ಯಾದಸ್ತರ ಜಾಗ, ಹೆಂಗಸರೂ ಮಕ್ಕಳೂ ಹೋಗುತ್ತಾರೆ, ಬರೀ ಕೈಕಾಲು ಒತ್ತುತ್ತಾರೆ ಎಂದು ವಿವರಿಸಿದರು. ಕಾಲು ಒತ್ತುತ್ತಾರೆ ಎಂದದ್ದು ಅಜ್ಜಿಯ ಕಿವಿಗೆ ಬಿತ್ತು. "ಹ್ವಾಯ್, ಹೌದಾ? ನಡಿನಿ, ನಾನೂ ಬತ್ತೆ. ನಾ ಇದ್ದ್ ಮೇಲೆ ನಿಮ್ಗೆ ಎಂತ ಹೆದ್ರಿಕೆ?" ಎಂದು ಎದ್ದೇ ನಿಂತರು.

ಒಂದು ದೊಡ್ಡ ಕೋಣೆ, ಉದ್ದಕ್ಕೆ ಹಾಸಿಗೆಗಳು. ಒಂದು ಕಡೆ ಅಜ್ಜಿಗೆ ಆರಾಮ ಕುರ್ಚಿ, ಅವರ ಕಾಲಿಗೆ ಒಬ್ಬಳು ಎಣ್ಣೆ ಹಚ್ಚುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿ ಬೋರಲು ಮಲಗಿದ ಭಾವ. ಅವನಿಗೆ ಸಿಕ್ಕಿದವಳು ನಮ್ಮ ಕಂಬಳದ ಕೋಣ ಹಿಡಿಯಬಲ್ಲಂಥ ಗಟ್ಟಿ ಹೆಂಗಸು. ಅವಳು ಅವನ ಸೊಂಟದ ಮೇಲೆ ಮೊಣಕಾಲೂರಿ, ಎರಡೂ ಕೈಗಳನ್ನು ಹಿಂದಕ್ಕೆ ಎಳೆದಳು. ಲಟಲಟ ಎಂದು ಸದ್ದಾಯಿತು. ಭಾವ "ಅಯ್ಯಯ್ಯೋ" ಎಂದು ಕೂಗಿದ್ದು ಮೂರನೇ ಹಾಸಿಗೆಯಲ್ಲಿದ್ದ ನನಗೆ ತಾರಸ್ಥಾಯಿಯ ಷಡ್ಜದ ಹಾಗೆ ಕೇಳಿಸಿತು.

ಅಷ್ಟರಲ್ಲಿ ಅಜ್ಜಿಯ ಮಡಿಲಲ್ಲಿದ್ದ ಭಾವನ ಫೋನ್ ಬಡಿದುಕೊಂಡಿತು. ಬೈಂದೂರು. ನಾನು ಏಳಬೇಕೆಂದರೆ ನನ್ನ ಕಾಲೂ ಇನ್ನೊಬ್ಬಳ ಕೈಯಲ್ಲಿತ್ತು. ಅಜ್ಜಿ ಫೋನ್ ಕಿವಿಗಿಟ್ಟುಕೊಂಡರು.

"ಹ್ಞಾಂ ಮಗಾ, ನಾನೇ. ನಿಮ್ಮನಿಯವ್ರಾ? ಇಲ್ಲೇ ಇದ್ರ್, ನನ್ ಎದ್ರಿಗೇ. ಕೂಗುದ್ ಕೇಂತಾ? ಅದ್ ಅವ್ರೇ. ಎಂತ ಇಲ್ಲ್ಯಾ, ಒಬ್ಳ್ ಹೆಣ್ ಅವ್ರ್ ಮೈಮೇಲೆ ಹತ್ತಿ ಕೂತ್ಕಂಡಿತ್. ನೀ ಎಂತ ಮಂಡೆಬಿಸಿ ಮಾಡ್ಬೇಡ, ನಾ ಕಣ್ ಮುಚ್ದೆ ಕಾಂತಾ ಇದ್ದೆ."

ಬೆರಳು

ಕಡೆಗೆ ಸಮುದ್ರದ ಬದಿಯ ರೆಸಾರ್ಟಿಗೆ ಬಂದೆವು. ಮದುವೆಗೆ ಇನ್ನೊಂದೇ ದಿನ. ಮರಳಿನ ಮೇಲೆ ಬಿಳಿ ಬಟ್ಟೆಯ ಮಂಟಪ ಏಳುತ್ತಿತ್ತು. ಅದರ ಎರಡೂ ಬದಿ ಮುಂಬಯಿಯಿಂದ ಬಂದ ಡಿಜೆಯ ಸ್ಪೀಕರುಗಳು, ಒಂದೊಂದೂ ನಮ್ಮೂರಿನ ಗೂಡಂಗಡಿಯಷ್ಟು ದೊಡ್ಡವು. ಎಲ್ಲದರ ಉಸ್ತುವಾರಿಗೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡ, ಗಾಳಿಯ ಹಾಗೆ ಓಡಾಡುವ ಒಬ್ಬಳು ಥಾಯ್ ಮ್ಯಾನೇಜರ್ ಹೆಂಗಸು.

ಅವಳು ನಮ್ಮನ್ನು ನೋಡಿ, ಗೈಡ್ ಹುಡುಗಿಯ ಮೂಲಕ ಹೇಳಿಸಿದಳು: ಎದುರುಗೊಳ್ಳುವಾಗ ಎರಡು ನಿಮಿಷ, ತಾಳಿ ಕಟ್ಟುವಾಗ ಎರಡು ನಿಮಿಷ, ಉಳಿದದ್ದೆಲ್ಲ ಡಿಜೆ.

ಭಾವ ಡೋಲಿನ ಚೀಲ ಬಿಚ್ಚುತ್ತಿದ್ದವನು ನಿಲ್ಲಿಸಿದ. "ಸಮುದ್ರ ದಾಟಿ ಬಂದದ್ ನಾಕ್ ನಿಮಿಷಕ್ಕಾ?"

ನನಗೂ ಎಲ್ಲೋ ಚುಚ್ಚಿತು. ನನ್ನ ಅಜ್ಜ ಆ ಅಜ್ಜಿಯ ಮದುವೆಗೆ ಮೂರು ದಿನ ಊದಿದ್ದರಂತೆ. ಆದರೆ ಅನ್ನ ಹಾಕಿದವರ ಮದುವೆಯಲ್ಲಿ ಜಗಳ ಮಾಡುವುದುಂಟೇ? ಆಗಲಿ ಎಂದೆ.

ಇಲ್ಲೊಂದು ಮಾತು ಹೇಳಬೇಕು. ತಾಳಿ ಕಟ್ಟುವ ಹೊತ್ತಿಗೆ ಕೆಟ್ಟ ಮಾತು, ಸೀನು ಯಾವುದೂ ಯಾರ ಕಿವಿಗೂ ಬೀಳಬಾರದು ಎಂದು ವಾಲಗದವರು ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಬೇಕು. ಅದಕ್ಕೆ ಗಟ್ಟಿಮೇಳ ಎನ್ನುವುದು. ಭಟ್ಟರು ಬಾಯಲ್ಲಿ ಮಂತ್ರ ಹೇಳುತ್ತಲೇ ತೋರುಬೆರಳನ್ನು ಎತ್ತಿ ನಮ್ಮ ಕಡೆಗೆ ಆಡಿಸುತ್ತಾರೆ. ಆ ಬೆರಳು ಕಂಡ ಕ್ಷಣ ನಮ್ಮ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಭಾವನಿಗಂತೂ ಬಸ್ಸಿನಲ್ಲಿ ಯಾರಾದರೂ ಕಂಡಕ್ಟರಿಗೆ ಬೆರಳು ತೋರಿಸಿದರೂ ಕೈ ತುರಿಸುತ್ತದೆ.

ಸಂಜೆ ರಿಹರ್ಸಲ್ ಇಟ್ಟರು. ಮದುವೆಗೆ ರಿಹರ್ಸಲ್ ಇರುತ್ತದೆ ಎಂದು ನಮಗೆ ಗೊತ್ತಾದದ್ದು ಅವತ್ತೇ. ಮದುಮಗ ಚಡ್ಡಿಯಲ್ಲಿ, ಮದುಮಗಳು ಜೀನ್ಸಿನಲ್ಲಿ, ಕೈಯಲ್ಲಿ ಪ್ಲಾಸ್ಟಿಕ್ ಹಾರ. ಕೋಟದ ಭಟ್ಟರು ಇನ್ನೂ ದಾರಿಯಲ್ಲಿದ್ದರು, ಅವರ ಜಾಗದಲ್ಲಿ ಮ್ಯಾನೇಜರಮ್ಮನೇ ನಿಂತಳು. ಅಜ್ಜಿ ಮುಂದಿನ ಕುರ್ಚಿಯಲ್ಲಿ.

ಶುರು ಮಾಡಿ ಎಂದು ಸನ್ನೆಯಾಯಿತು. ನಾನು ಕಲ್ಯಾಣಿಯನ್ನು ಮೆಲ್ಲಗೆ ಎತ್ತಿಕೊಂಡೆ, ಭಾವ ಹಗುರಾಗಿ ಬೆರಳಾಡಿಸಿದ. ಸಮುದ್ರದ ಗಾಳಿ, ಎದುರಿಗೆ ಮುಳುಗುವ ಸೂರ್ಯ. ಎರಡು ನಿಮಿಷ ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ನಿಲ್ಲಿಸಿ ಎಂದು ಹೇಳಲು ಮ್ಯಾನೇಜರಮ್ಮ ನಮ್ಮ ಕಡೆಗೆ ತಿರುಗಿ, ತೋರುಬೆರಳನ್ನು ಎತ್ತಿ ಎಡಕ್ಕೂ ಬಲಕ್ಕೂ ಆಡಿಸಿದಳು.

"ಬೆರಳ್!" ಎಂದು ಭಾವ ನನಗೆ ಕೂಗಿ ಹೇಳಿದ.

ಮತ್ತೆ ಕೇಳಬೇಕೇ? ಡೋಲು ಗುಡುಗಿತು. ನಾನೂ ಕೆನ್ನೆ ಉಬ್ಬಿಸಿದೆ. ಅವಳು ಗಾಬರಿಯಾಗಿ ಇನ್ನೂ ಜೋರಾಗಿ ಬೆರಳಾಡಿಸಿದಳು. ನಾವೂ ಇನ್ನೂ ಜೋರು. ಅವಳು ಎರಡೂ ಕೈಯ ಬೆರಳು ಎತ್ತಿದಳು. ನನ್ನ ಜೀವಮಾನದಲ್ಲಿ ಯಾವ ಭಟ್ಟರೂ ಎರಡು ಬೆರಳು ತೋರಿಸಿದವರಲ್ಲ, ಇದು ದೊಡ್ಡವರ ಮದುವೆ ಎಂದುಕೊಂಡು ಪ್ರಾಣ ಬಿಟ್ಟು ಊದಿದೆ.

ಡೋಲಿನ ಸದ್ದು ಕೇಳಿದರೆ ಪಂಜಾಬಿಗಳು ಕೂರುತ್ತಾರೆಯೇ? ಮದುಮಗನ ಅಪ್ಪ ಮೊದಲು ಎದ್ದು ಭುಜ ಕುಣಿಸಿದರು, ಅವರ ಹಿಂದೆ ಅವರ ಇಡೀ ಬಳಗ. ಈಜುಕೊಳದಲ್ಲಿದ್ದ ಬಿಳಿಯರು ನೀರು ಸುರಿಸಿಕೊಂಡೇ ಬಂದು ಸೇರಿದರು. ಡಿಜೆ ಹುಡುಗ ತನ್ನ ಯಂತ್ರ ಬಿಟ್ಟು ಓಡಿ ಬಂದು ನಮ್ಮ ಎದುರೇ ಕುಣಿದ. ಗಲಾಟೆಯಲ್ಲಿ ಯಾರೋ ನೂಕಿ, ಮದುಮಗ ಕೈಯಲ್ಲಿದ್ದ ಪ್ಲಾಸ್ಟಿಕ್ ಹಾರವನ್ನು ಮದುಮಗಳಿಗೆ ಹಾಕಿಯೇ ಬಿಟ್ಟ. ಅಜ್ಜಿ ಕಣ್ಣೊರೆಸಿಕೊಂಡು ಎದ್ದು, ಅಲಂಕಾರದ ಬುಟ್ಟಿಯಿಂದ ಹೂವಿನ ಪಕಳೆ ಬಾಚಿ ಇಬ್ಬರ ತಲೆಯ ಮೇಲೂ ಹಾಕಿ ಹರಸಿದರು.

ಕಡೆಗೆ ಮ್ಯಾನೇಜರಮ್ಮ ಜನರನ್ನು ಸೀಳಿಕೊಂಡು ಬಂದು ಡೋಲಿನ ಕೋಲನ್ನೇ ಹಿಡಿದಳು. ಡೋಲು ನಿಂತಿತು. ಅವಳು ಏದುಸಿರು ಬಿಡುತ್ತಾ "ನೋ! ನೋ!" ಎಂದು ಭಾವನ ಮೂಗಿನ ಮುಂದೆ ಬೆರಳಾಡಿಸಿದಳು. ಭಾವ ಏನು ಮಾಡುತ್ತಾನೆ ಪಾಪ, ಕೋಲಿಲ್ಲದ ಕೈಯಲ್ಲೇ ಮತ್ತೆ ಶುರು ಮಾಡಿದ.

ನಾನು ಎಲ್ಲವನ್ನೂ ಗೈಡ್ ಹುಡುಗಿಗೆ ವಿವರಿಸಿ, ಅವಳು ಮ್ಯಾನೇಜರಮ್ಮನಿಗೆ ವಿವರಿಸಿದಾಗ ಆ ಹೆಂಗಸು ಮರಳಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುಮಗನ ಅಪ್ಪ ಬೆವರೊರೆಸಿಕೊಳ್ಳುತ್ತಾ ಬಂದು, ನಾಳೆ ಡಿಜೆ ಊಟದ ನಂತರ ಸಾಕು, ಅಲ್ಲಿಯವರೆಗೆ ಇವರೇ ಬಾರಿಸಲಿ ಎಂದರು. ಭಾವ ಹಿಂದಿಯಲ್ಲಿ "ಧನ್ಯವಾದ್" ಎಂದ. ಅವನಿಗೆ ಗೊತ್ತಿದ್ದ ಹಿಂದಿ ಅಷ್ಟೇ, ಆದರೆ ಆ ಹೊತ್ತಿಗೆ ಅಷ್ಟೇ ಬೇಕಾದದ್ದು.

ಮಾರನೇ ದಿನ ಬೆಳಿಗ್ಗೆ ಸೀರೆ ಉಡಿಸಲು ಹೋದ ಧಣಿಯ ಹೆಂಡತಿಯ ಹತ್ತಿರ ಅಜ್ಜಿ ಕೇಳಿದರಂತೆ, "ಇವತ್ತೂ ಮದಿಯಾ? ನಿನ್ನೆಯದ್ ಸಮ ಆಯಿಲ್ಯಾ?" ಮದುವೆ ಇವತ್ತೇ ಎಂದು ಹೇಗೋ ಒಪ್ಪಿಸಿ ಕರೆತಂದು ಮಂಟಪದ ಎದುರು ಕೂರಿಸಿದರು.

ಬೆಳಗಿನಿಂದ ನಾವು ಮನಸ್ಸು ತುಂಬ ಬಾರಿಸಿದೆವು. ಮುಹೂರ್ತ ಹತ್ತಿರ ಬಂತು. ಮದುಮಗ ತಾಳಿ ಎತ್ತಿದ. ನಾನು ಭಟ್ಟರನ್ನೇ ನೋಡುತ್ತಿದ್ದೇನೆ. ಅವರ ಒಂದು ಕೈಯಲ್ಲಿ ಅಕ್ಷತೆಯ ತಟ್ಟೆ, ಇನ್ನೊಂದು ಕೈಯಲ್ಲಿ ಸಮುದ್ರದ ಗಾಳಿಗೆ ಹಾರಿ ಹೋಗುತ್ತಿದ್ದ ಅವರ ಶಾಲು. ಬೆರಳೆತ್ತಲು ಕೈಯೇ ಇಲ್ಲ. ಕಣ್ಣಲ್ಲೇ ಏನೋ ಹೇಳುತ್ತಿದ್ದಾರೆ, ನಮಗೆ ಧೈರ್ಯ ಸಾಲದು. ಅಷ್ಟರಲ್ಲಿ ಮಂಟಪದ ಆಚೆ ಬದಿಯಿಂದ ಮ್ಯಾನೇಜರಮ್ಮ ನಗುತ್ತಾ ಮುಂದೆ ಬಂದು, ತನ್ನ ತೋರುಬೆರಳನ್ನು ಎತ್ತಿ ನಮ್ಮ ಕಡೆಗೆ ಆಡಿಸಿದಳು.

ಅಂಥ ಗಟ್ಟಿಮೇಳವನ್ನು ನಾವು ಊರಿನಲ್ಲೂ ಬಾರಿಸಿದ್ದಿಲ್ಲ. ಅಷ್ಟು ಗದ್ದಲದ ನಡುವೆಯೂ ಅಜ್ಜಿ ಪಕ್ಕದಲ್ಲಿದ್ದ ಸೊಸೆಗೆ ಕೂಗಿ ಹೇಳಿದ್ದು ನನ್ನ ಕಿವಿಗೆ ಬಿದ್ದು, ಬಾಯಲ್ಲಿ ಸ್ಯಾಕ್ಸೊಫೋನ್ ಇದ್ದಂತೆಯೇ ನಕ್ಕುಬಿಟ್ಟೆ:

"ಕಾಣ್, ಅದೇ ಹೆಣ್! ಮುಹೂರ್ತ ಆಯ್ತ್ ಅಂದೇಳಿ ಪಾಪ ನಿನ್ನೆಯಿಂದ ಬೆರಳ್ ತೋರ್ಸ್ತಾ ಇತ್ತ್. ಇಷ್ಟ್ ಜನದಗೆ ಅದ್ಕ್ ಒಂದಕ್ಕೇ ಪಂಚಾಂಗ ಕಾಂಬುಕ್ ಬಪ್ಪುದ್!"